ಡಾಕ್ಟರ ದಿನ ತಪ್ಪಿದರೂ ಅವ್ವನ ಮಾತ್ರೆ ತಪ್ಪಬಾರದು

ನನ್ನ ಅವ್ವನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾದವು. ಈಚೆಗೆ ಮೂತ್ರಪಿಂಡದ ತೊಂದರೆಯೂ ಸೇರಿಕೊಂಡಿರುವುದರಿಂದ ಮೂರು ತಿಂಗಳಿಗೊಮ್ಮೆ ಮಂಡ್ಯದಿಂದ ಮೈಸೂರಿನ ತಜ್ಞ ವೈದ್ಯರೊಬ್ಬರ ಬಳಿಗೆ ಕರೆದೊಯ್ಯುತ್ತೇನೆ. ಸುಮಾರು 45 ಕಿಲೋಮೀಟರ್ ದಾರಿ ಗಟ್ಟಿಮುಟ್ಟಾಗಿರುವವರಿಗೆ ಏನೂ ಅಲ್ಲ, ಆದರೆ ಕಾಲು ಊದಿಕೊಂಡಿರುವ, ಗಳಿಗೆಗೊಮ್ಮೆ ಬಚ್ಚಲಿಗೆ ಹೋಗಬೇಕಾದ ವಯಸ್ಸಾದ ಹೆಂಗಸಿಗೆ ಬಸ್ಸಿನ ಆ ಪ್ರಯಾಣವೇ ದೊಡ್ಡ ಆಯಾಸ. ಅಷ್ಟೆಲ್ಲ ಪಟ್ಟು ಹೋಗಿ ನಿಂತಾಗ ರಿಸೆಪ್ಷನ್‌ನಲ್ಲಿ ತಲೆಯೆತ್ತದೆ, ‘ಡಾಕ್ಟರು ಇವತ್ತು ಬರೋದಿಲ್ಲ, ಮುಂದಿನ ವಾರ ಫೋನ್ ಮಾಡಿ’ ಎಂದುಬಿಟ್ಟರೆ ಯಾರ ಹತ್ತಿರ ಹೇಳಿಕೊಳ್ಳುವುದು?

ತುರ್ತು ಶಸ್ತ್ರಚಿಕಿತ್ಸೆಯೋ, ಐಸಿಯುನಲ್ಲಿರುವ ರೋಗಿಯ ಸ್ಥಿತಿ ಬಿಗಡಾಯಿಸಿದ್ದೋ ಕಾರಣವಾದರೆ ನನಗೆ ಬೇಸರವಿಲ್ಲ. ನಾಳೆ ನನ್ನ ಅವ್ವನಿಗೂ ಅದೇ ಗತಿ ಬಂದರೆ ವೈದ್ಯರು ಉಳಿದವರನ್ನು ಬಿಟ್ಟು ಬರಲಿ ಎಂದೇ ನಾನೂ ಬಯಸುತ್ತೇನೆ. ನನ್ನ ಸಿಟ್ಟೆಲ್ಲ ಹೊರಗೂರಿಗೆ ಹೋಗುವ ವಿಷಯ ಮೊದಲೇ ಗೊತ್ತಿದ್ದರೂ ರೋಗಿಗಳಿಗೆ ಒಂದು ಕರೆ ಮಾಡದಿರುವುದರ ಮೇಲೆ, ಮತ್ತು ಬೆಳಗಿನ ಹತ್ತು ಗಂಟೆಯನ್ನೇ ಹತ್ತಾರು ಜನರಿಗೆ ಕೊಟ್ಟು ಎಲ್ಲರನ್ನೂ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸುವುದರ ಮೇಲೆ.

ಒಮ್ಮೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ಇಲ್ಲೇ ರಕ್ತ ತೆಗೆಯುತ್ತೇವೆ ಎಂದಿದ್ದರು. ರಕ್ತ ತೆಗೆಯುವ ಹುಡುಗನೂ ಬಂದಿರಲಿಲ್ಲ, ಡಾಕ್ಟರೂ ಬಂದಿರಲಿಲ್ಲ. ರಾತ್ರಿ ಇನ್ಸುಲಿನ್ ತೆಗೆದುಕೊಂಡಿದ್ದ ಅವ್ವನ ಕೈ ನಡುಗತೊಡಗಿತು, ಹಣೆಯ ಮೇಲೆ ತಣ್ಣನೆಯ ಬೆವರು. ‘ಕಣ್ಣು ಮಂಜಾಗ್ತದೆ ಕಣವ್ವ’ ಎಂದಳು. ಚೀಲದಲ್ಲಿದ್ದ, ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್‌ನಲ್ಲಿ ನೋಡಿದರೆ 61. ಎಪ್ಪತ್ತಕ್ಕಿಂತ ಕೆಳಗಿಳಿದರೆ ಕಾಯಬಾರದು. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿದೆ. ಅವಳು ಚೇತರಿಸಿಕೊಂಡಳು, ಆದರೆ ಅವಳ ಉಪವಾಸವನ್ನು ಇನ್ನು ಮುಂದೆ ಯಾವ ಡಾಕ್ಟರ ಗಡಿಯಾರಕ್ಕೂ ಕಟ್ಟಿಹಾಕುವುದಿಲ್ಲ ಎಂದು ನಾನು ಅಂದೇ ನಿರ್ಧರಿಸಿದೆ.

ಆಮೇಲೆ ರಕ್ತ ಪರೀಕ್ಷೆಯನ್ನು ಭೇಟಿಯಿಂದ ಬೇರ್ಪಡಿಸಿದೆ. ಹಿಂದಿನ ದಿನ ಬೆಳಿಗ್ಗೆ ಮಂಡ್ಯದ ಲ್ಯಾಬಿನಲ್ಲೇ ಫಾಸ್ಟಿಂಗ್, ಊಟದ ನಂತರದ ಸಕ್ಕರೆ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಸಿಯಂ ಎಲ್ಲವನ್ನೂ ಮಾಡಿಸುತ್ತೇನೆ. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿಗಂತೂ ಉಪವಾಸವೇ ಬೇಕಿಲ್ಲ. ಮೈಸೂರಿಗೆ ಹೊರಡುವ ದಿನ ಅವಳು ತಿಂಡಿ ತಿಂದು, ಮಾತ್ರೆ ನುಂಗಿಯೇ ಬಸ್ಸು ಹತ್ತುತ್ತಾಳೆ. ಭೇಟಿ ರದ್ದಾದರೂ ರಿಪೋರ್ಟ್ ನನ್ನ ಕೈಯಲ್ಲಿರುತ್ತದೆ.

ಇದಕ್ಕಿಂತ ಹೆಚ್ಚು ಪ್ರಯೋಜನವಾದದ್ದು ವೈದ್ಯರನ್ನು ಎದುರಿಗೇ ಕೇಳಿದ ಒಂದು ಪ್ರಶ್ನೆಯಿಂದ. ‘ಸರ್, ಮುಂದಿನ ಸಲ ದಿನ ತಪ್ಪಿಹೋದರೆ ಯಾವ ಮಾತ್ರೆ ಹಾಗೆಯೇ ಮುಂದುವರಿಸಲಿ, ಯಾವುದಕ್ಕೆ ನಿಮ್ಮನ್ನು ಕೇಳಲೇಬೇಕು?’ ಎಂದೆ. ಅವರು ಬೇಸರಿಸಿಕೊಳ್ಳದೆ ಫೈಲಿನಲ್ಲಿಯೇ ಬರೆದುಕೊಟ್ಟರು: ರಕ್ತದೊತ್ತಡದ ಮಾತ್ರೆ ನಿಲ್ಲಿಸಬಾರದು, ಪೊಟ್ಯಾಸಿಯಂ ಅಥವಾ ಕ್ರಿಯಾಟಿನಿನ್ ಹಿಂದಿನದಕ್ಕಿಂತ ಏರಿದ್ದರೆ ಅಂದೇ ರಿಪೋರ್ಟ್ ಕಳುಹಿಸಬೇಕು, ಉಸಿರು ಕಟ್ಟಿದರೆ, ಮೂತ್ರ ತೀರಾ ಕಡಿಮೆಯಾದರೆ ಯಾವ ಅಪಾಯಿಂಟ್‌ಮೆಂಟಿಗೂ ಕಾಯದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಆ ಒಂದು ಪುಟ ಬಂದ ಮೇಲೆ ನಮ್ಮ ಮನೆಯ ಅರ್ಧ ಆತಂಕ ಇಳಿಯಿತು. ಬಾಯಿಮಾತಿನಲ್ಲಿ ಹೇಳಿದ್ದು ಬಸ್ಸು ಇಳಿಯುವಷ್ಟರಲ್ಲಿ ಮರೆತುಹೋಗುತ್ತದೆ, ದಯವಿಟ್ಟು ಬರೆಸಿಕೊಳ್ಳಿ.

ಮಾತ್ರೆ ಮುಗಿಯಲು ಎರಡು ವಾರವಿರುವಾಗಲೇ ತಂದಿಡುತ್ತೇನೆ. ಚೀಟಿಯ ಅವಧಿ ಮುಗಿದಿದ್ದರೆ, ಈಗಾಗಲೇ ನೋಡಿರುವ ರೋಗಿಗೆ ವೈದ್ಯರು ಫೋನ್ ಅಥವಾ ವಿಡಿಯೊ ಮೂಲಕ ಸಲಹೆ ನೀಡಿ ಔಷಧಿ ಮುಂದುವರಿಸಲು 2020ರ ಮಾರ್ಚ್‌ನಲ್ಲಿ ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಅದನ್ನು ವಿನಯದಿಂದ ನೆನಪಿಸಿದಾಗ ನಮ್ಮ ವೈದ್ಯರು ಒಪ್ಪಿಕೊಂಡರು, ಅದರ ಶುಲ್ಕವನ್ನೂ ನಾನು ಸಂತೋಷದಿಂದ ಕೊಡುತ್ತೇನೆ. ಸಾಮಾನ್ಯ ಕೆಮ್ಮು, ಜ್ವರಗಳಿಗೆ ಮನೆಯಿಂದಲೇ ಆನ್‌ಲೈನ್‌ನಲ್ಲಿ ವೈದ್ಯರ ಸಲಹೆ ಪಡೆಯುವ ಸರ್ಕಾರದ ಉಚಿತ ಇ-ಸಂಜೀವಿನಿ ಸೇವೆ ಇದೆ.

ಹೊರಡುವ ಮುನ್ನ ಫೋನ್ ಮಾಡಿ, ‘ಇವತ್ತು ಅಪಾಯಿಂಟ್‌ಮೆಂಟ್ ಇದೆಯಾ?’ ಎಂದು ಕೇಳಿದರೆ ಪುಸ್ತಕ ನೋಡಿ ‘ಇದೆ’ ಎನ್ನುತ್ತಾರೆ. ಡಾಕ್ಟರು ಊರಿನಲ್ಲಿದ್ದಾರೆಯೇ, ರೌಂಡ್ಸ್ ಮುಗಿಸಿ ಒಪಿಡಿಗೆ ಎಷ್ಟು ಹೊತ್ತಿಗೆ ಬರುತ್ತಾರೆ, ನಮ್ಮದು ಎಷ್ಟನೆಯ ಟೋಕನ್ ಎಂದು ಬಿಡಿಸಿ ಕೇಳಿದಾಗ ಮಾತ್ರ ನಿಜವಾದ ಉತ್ತರ ಸಿಗುತ್ತದೆ. ರಿಸೆಪ್ಷನ್‌ನ ಹುಡುಗಿಯ ಮೇಲೆ ಕೂಗಾಡುವವರನ್ನು ನೋಡಿ ನನಗೆ ನೋವಾಗುತ್ತದೆ. ವೈದ್ಯರು ಬರುವುದಿಲ್ಲವೆಂದು ಎಷ್ಟೋ ಸಲ ಅವಳಿಗೂ ಕೊನೆಯ ಗಳಿಗೆಯಲ್ಲೇ ತಿಳಿಯುತ್ತದೆ.

ಆದ್ದರಿಂದ ದೂರನ್ನು ಆಡಳಿತದವರಿಗೆ ಬರೆದು ಕೊಟ್ಟು ಎರಡು ಬೇಡಿಕೆಗಳನ್ನಿಟ್ಟೆ: ರದ್ದಾದರೆ ಹೊರಗೂರಿನವರಿಗೆ ಮೊದಲು ಸಂದೇಶ ಕಳುಹಿಸಬೇಕು, ಮತ್ತು ಹಾಗೆ ಭೇಟಿ ತಪ್ಪಿಹೋದ ರೋಗಿಯನ್ನು ಸಾಲಿನ ಕೊನೆಗೆ ತಳ್ಳದೆ ಅದೇ ವಾರದೊಳಗೆ ನೋಡಬೇಕು. ಸಂದೇಶ ಈಗ ಬರುತ್ತಿದೆ. ಎರಡನೆಯದಕ್ಕೆ ಉತ್ತರ ಬಂದಿಲ್ಲ. ಮುಂದಿನ ಭೇಟಿಗೆ ಹೋಗುವಾಗ ಅದೇ ಪತ್ರದ ಪ್ರತಿಯನ್ನು ವೈದ್ಯರ ಕೈಗೇ ಕೊಡಬೇಕೆಂದು ಫೈಲಿನಲ್ಲಿ ಇಟ್ಟಿದ್ದೇನೆ.