ತಿತಿಮತಿಯ ಹಾಡಿಗಳಲ್ಲಿ ಕಾಗದದ ಪಟ್ಟಿಯ ಮೇಲೆ ಜೀನ್ ಪರೀಕ್ಷೆ: ನನ್ನ ಅನುಭವ

ಪೊನ್ನಂಪೇಟೆ ತಾಲ್ಲೂಕಿನ ತಿತಿಮತಿ ಸುತ್ತಲಿನ ಯರವ ಮತ್ತು ಜೇನುಕುರುಬ ಹಾಡಿಗಳಿಗೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆಯಾದ ಸಿಕಲ್ ಸೆಲ್ ತಪಾಸಣೆಗೆ ಹೋಗುವ ತಂಡದಲ್ಲಿ ನಾನು ಪ್ರಯೋಗಾಲಯ ತಂತ್ರಜ್ಞ. 2023ರ ಜುಲೈಯಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಆರಂಭವಾದ ಮೇಲೆ ಈ ಕೆಲಸ ಹೆಚ್ಚಿತು. ಮೊದಲ ಹಂತದ ಸಾಲ್ಯುಬಿಲಿಟಿ ಪರೀಕ್ಷೆಯಲ್ಲಿ, ರಕ್ತದಲ್ಲಿ ಈ ಕಾಯಿಲೆಯ ದೋಷವಿರುವ ಎಸ್ ಹಿಮೋಗ್ಲೋಬಿನ್ ಇದ್ದರೆ ದ್ರಾವಣ ಕದಡುತ್ತದೆ. ಆದರೆ ಕದಡಿದ ಕೊಳವೆ ವಾಹಕರದ್ದೋ (ದೋಷದ ಜೀನು ಒಂದೇ ಇದ್ದು ಕಾಯಿಲೆ ಇಲ್ಲದವರು) ರೋಗಿಯದ್ದೋ ಎಂಬುದು ಅದರಿಂದ ತಿಳಿಯುವುದಿಲ್ಲ. ಹುಟ್ಟಿದ ಮಗುವಿನ ರಕ್ತದಲ್ಲಿ ಭ್ರೂಣದ ಹಿಮೋಗ್ಲೋಬಿನ್ನೇ ಹೆಚ್ಚಿರುವುದರಿಂದ ಮೊದಲ ಕೆಲವು ತಿಂಗಳು ಅದನ್ನು ನಂಬುವಂತೆಯೂ ಇಲ್ಲ. ಜೀನ್ ಮಾತ್ರ ಹುಟ್ಟಿದ ದಿನವೂ ಅದೇ, ಮುಪ್ಪಿನಲ್ಲೂ ಅದೇ. ಹಾಗಾಗಿ ಸಂಶೋಧಕರ ಗುಂಪೊಂದು ಕಾಗದ ಆಧಾರಿತ ಜೀನ್ ಪರೀಕ್ಷೆಯನ್ನು ಪ್ರಾಯೋಗಿಕವಾಗಿ ಬಳಸಿ ನೋಡಲು ಕೇಳಿದಾಗ ಒಪ್ಪಿಕೊಂಡೆ.

ಹಿಮೋಗ್ಲೋಬಿನ್ನಿನ ಒಂದು ಭಾಗವನ್ನು ತಯಾರಿಸುವ ಬೀಟಾ ಗ್ಲೋಬಿನ್ ಜೀನಿನಲ್ಲಿ ಡಿಎನ್‌ಎಯ 'ಎ' ಅಕ್ಷರ ಇರಬೇಕಾದ ಒಂದು ಜಾಗದಲ್ಲಿ 'ಟಿ' ಇರುವುದೇ ಈ ಕಾಯಿಲೆಯ ಮೂಲ. ಬೆರಳ ತುದಿಯಿಂದ ತೆಗೆದ ರಕ್ತದ ಬಿಳಿ ಕಣಗಳನ್ನು ಒಡೆದು, ಹಿಡಿಯುವ ಭಾಗಕ್ಕೆ ಮೇಣ ಸವರಿದ ಫಿಲ್ಟರ್ ಪೇಪರಿನ ತುಂಡನ್ನು ಅದ್ದಿದರೆ ಡಿಎನ್‌ಎ ಕಾಗದಕ್ಕೆ ಅಂಟಿಕೊಳ್ಳುತ್ತದೆ. ತೊಳೆಯುವ ದ್ರಾವಣದಲ್ಲಿ ಅದ್ದಿ ತೆಗೆದ ಮೇಲೆ ಅದೇ ತುಂಡನ್ನು ಎರಡು ಕೊಳವೆಗಳಲ್ಲಿ ಅಲ್ಲಾಡಿಸುತ್ತೇವೆ. ಒಂದು ಕೊಳವೆ ಸಾಮಾನ್ಯ ಜೀನನ್ನು, ಇನ್ನೊಂದು ಸಿಕಲ್ ಜೀನನ್ನು ಬೆಳೆಸುತ್ತದೆ. ಲ್ಯಾಂಪ್ ಎಂಬ ಈ ವಿಧಾನಕ್ಕೆ ಸುಮಾರು 65 ಡಿಗ್ರಿಯ ಒಂದೇ ಬಿಸಿ ಸಾಕಾಗುವುದರಿಂದ, ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದಾಗಲೂ ಜೀಪಿನ ಬ್ಯಾಟರಿಯಿಂದ ಕೆಲಸ ನಡೆಯಿತು. ಕೊನೆಗೆ ಒಂದೊಂದು ಕೊಳವೆಗೆ ಒಂದೊಂದು ಪಟ್ಟಿ ಅದ್ದಿ ನೋಡಬೇಕು: ಸಾಮಾನ್ಯ ಜೀನಿನ ಪಟ್ಟಿಯಲ್ಲಿ ಮಾತ್ರ ಗೆರೆ ಬಂದರೆ ದೋಷವಿಲ್ಲ, ಎರಡರಲ್ಲೂ ಬಂದರೆ ವಾಹಕ, ಸಿಕಲ್ ಪಟ್ಟಿಯಲ್ಲಿ ಮಾತ್ರ ಬಂದರೆ ರೋಗ.

ಎಲ್ಲರೂ ಪಟ್ಟಿಯ ಅಗ್ಗದ ಬೆಲೆಯನ್ನೇ ಹೊಗಳುತ್ತಾರೆ. ನನ್ನ ಮಟ್ಟಿಗೆ ಪಟ್ಟಿಯೇ ಅತ್ಯಂತ ಸುಲಭದ ಭಾಗ. ಕಷ್ಟವೆಲ್ಲ ಕೊಳವೆಯ ಮುಚ್ಚಳ ತೆಗೆಯುವುದರಲ್ಲಿದೆ. ಬಿಸಿಯಲ್ಲಿ ಬೆಳೆದ ಡಿಎನ್‌ಎ ಎಷ್ಟು ವಿಪರೀತವಾಗಿರುತ್ತದೆಂದರೆ, ತೆರೆದಾಗ ಹಾರುವ ಕಣ್ಣಿಗೆ ಕಾಣದ ಹನಿಯೊಂದು ಮರುದಿನದ ಕೊಳವೆಗೆ ಸೇರಿದರೂ ಇಲ್ಲದ ಗೆರೆ ಮೂಡುತ್ತದೆ. ಆದ್ದರಿಂದ ರಕ್ತ ತೆಗೆದು ಮಿಶ್ರಣ ಮಾಡುವುದು ಅಂಗನವಾಡಿಯೊಳಗೆ, ಕೊಳವೆ ತೆರೆದು ಪಟ್ಟಿ ಅದ್ದುವುದು ದೂರ ನಿಲ್ಲಿಸಿದ ಜೀಪಿನಲ್ಲಿ ಎಂದು ಗೊತ್ತುಮಾಡಿಕೊಂಡೆವು. ಜೀಪಿನ ಕೈಗವಸು, ಪಿಪೆಟ್ಟುಗಳು ಅಂಗನವಾಡಿಯ ಹೊಸ್ತಿಲು ದಾಟುವಂತಿರಲಿಲ್ಲ. ಪ್ರತಿ ಸಲವೂ ಬರೀ ನೀರಿನ ಕೊಳವೆಯೊಂದನ್ನು, ಫಲಿತಾಂಶ ಮೊದಲೇ ಗೊತ್ತಿರುವ ಮೂರು ಬಗೆಯ ಮಾದರಿಗಳನ್ನು ಜೊತೆಗಿಡುತ್ತಿದ್ದೆವು. ನೀರಿನ ಪಟ್ಟಿಯಲ್ಲಿ ಪರೀಕ್ಷಾ ಗೆರೆ ಕಂಡರೆ ಆ ಸರದಿಯ ಎಲ್ಲ ಫಲಿತಾಂಶವೂ ರದ್ದು. ಸಮಯದ ವಿಷಯದಲ್ಲೂ ಧಾರಾಳತನ ನಡೆಯದು: ಅಕ್ಷರ ಹೊಂದದ ಜೀನು ನಿಧಾನವಾಗಿ ಬೆಳೆಯುತ್ತದೆಯೇ ಹೊರತು ಬೆಳೆಯದೆ ಇರುವುದಿಲ್ಲ, ಹೆಚ್ಚು ಹೊತ್ತು ಬಿಟ್ಟರೆ ಅದೂ ಗೆರೆಯಾಗಿ ಎದ್ದು ನಿಲ್ಲುತ್ತದೆ.

ಇನ್ನು ತೇವ. ಕಾಫಿ ಒಣಗಿಸಲು ಜನವರಿಯ ಬಿಸಿಲಿದೆ. ಪ್ರಯೋಗಾಲಯಕ್ಕೆ ಕಳಿಸಲು ಜುಲೈಯಲ್ಲಿ ಕಾಗದದ ಕಾರ್ಡಿನ ಮೇಲೆ ತೆಗೆದ ರಕ್ತದ ಚುಕ್ಕೆಗೆ ಆ ಭಾಗ್ಯವಿಲ್ಲ. ಮೈಸೂರಿನಂಥ ಊರಿನಲ್ಲಿ ಕೆಲವು ಗಂಟೆಗಳಲ್ಲಿ ಒಣಗುವ ಕಾರ್ಡು ಇಲ್ಲಿ ರಾತ್ರಿಯಿಡೀ ಇಟ್ಟರೂ ಬೆಳಿಗ್ಗೆ ತಣ್ಣಗೇ ಇರುತ್ತಿತ್ತು. ಒಲೆಯ ಮೇಲೆ ಹಿಡಿಯುವುದು ಬೇಡವೆಂದು ಎಲ್ಲರಿಗೂ ಹೇಳಿ, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯ ತಳಕ್ಕೆ ಸಿಲಿಕಾ ಜೆಲ್ ಹಾಕಿ, ಕಾರ್ಡುಗಳು ಒಂದಕ್ಕೊಂದು ತಾಗದಂತೆ ನಿಲ್ಲಿಸಿದೆವು. ಜೆಲ್ಲಿನ ನೀಲಿ ಬಣ್ಣ ಗುಲಾಬಿಗೆ ತಿರುಗಿದರೆ ಬದಲಾಯಿಸಬೇಕು. ಹೆಸರಿನ ಬದಲು ಸಂಖ್ಯೆಯನ್ನು ಪೆನ್ಸಿಲಿನಲ್ಲೇ ಬರೆಯುತ್ತಿದ್ದೆವು, ಶಾಯಿ ಹರಡುತ್ತದೆ. ಪಟ್ಟಿಯ ಪೊಟ್ಟಣವನ್ನು ಅದ್ದುವ ಕ್ಷಣದವರೆಗೆ ಹರಿಯುತ್ತಿರಲಿಲ್ಲ, ಹತ್ತು ನಿಮಿಷದೊಳಗೆ ಓದಿ ಫೋಟೊ ತೆಗೆದುಬಿಡುತ್ತಿದ್ದೆವು. ಆಮೇಲೆ ಒಣಗುತ್ತಾ ಬರುವ ಬೂದು ಗೆರೆಗೆ ಅರ್ಥವಿಲ್ಲ.

ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯ ವರದಿಯೂ ಬಂದ ಮೇಲೆ ಒಬ್ಬ ಹುಡುಗಿಗೆ ಅವಳ ಪಟ್ಟಿಗಳ ಫೋಟೊ ತೋರಿಸಿದಾಗ ಅವಳು ಆಶಾ ಕಾರ್ಯಕರ್ತೆಯನ್ನು ಕೇಳಿದಳು: "ಅಕ್ಕ, ಎರಡರಲ್ಲೂ ಗೆರೆ ಬಂತಲ್ಲ, ಹಾಗಾದರೆ ಕಾಯಿಲೆ ಎರಡಾ?" ಆಶಾ ಅಕ್ಕ ನನಗಿಂತ ಚೆನ್ನಾಗಿ ಹೇಳಿದರು: "ಒಂದು ಅಪ್ಪಂದು, ಒಂದು ಅಮ್ಮಂದು. ನಿನಗೆ ಕಾಯಿಲೆ ಇಲ್ಲ. ಮದುವೆ ಮಾತು ಬಂದಾಗ ಹುಡುಗನ ರಕ್ತವನ್ನೂ ನೋಡಿಸು."

ಪಟ್ಟಿಯೊಂದನ್ನೇ ನಂಬಿ ನಾವು ಯಾರಿಗೂ ಫಲಿತಾಂಶ ಹೇಳುವುದಿಲ್ಲ. ಸಿಕಲ್ ಗೆರೆ ಬಂದವರ ರಕ್ತ ಎಚ್‌ಪಿಎಲ್‌ಸಿಗೆ ಹೋಗುತ್ತದೆ. ಹಸುಗೂಸುಗಳ ಒಣಗಿದ ಚುಕ್ಕೆ ಪ್ರಯೋಗಾಲಯದ ಡಿಎನ್‌ಎ ಪರೀಕ್ಷೆಗೆ ಹೋಗುತ್ತದೆ, ಅಲ್ಲಿಂದ ಉತ್ತರ ಬಂದ ಮೇಲಷ್ಟೇ ತಾಯಿಯ ಕಾರ್ಡಿನಲ್ಲಿ ಬರೆಯುತ್ತೇವೆ.