ತರಕಾರಿ ಅನ್ನಕ್ಕೆ ಎರಡು ಚಮಚ ಎಣ್ಣೆ ಸಾಕು

ಡಾಕ್ಟರು ಜಿಡ್ಡು ಕಡಿಮೆ ಮಾಡಿ ಎಂದ ಕೂಡಲೇ ನಮ್ಮ ಕೊಡಗಿನ ಮನೆಗಳಲ್ಲಿ ಮೊದಲು ನಿಲ್ಲುವುದು ತುಪ್ಪದನ್ನ. ಅದರ ಬದಲು ಬೇಯಿಸಿದ ತರಕಾರಿ ಕಲಸಿದ ಸಪ್ಪೆ ಅನ್ನ ಬಡಿಸುತ್ತಾರೆ. ಮನೆಯವರು ನಾಲ್ಕು ದಿನ ಉಂಡು ಐದನೆಯ ದಿನ ಬೇಡ ಅನ್ನುತ್ತಾರೆ. ಸಪ್ಪೆಯಾಗಬೇಕಾದ ಕಾರಣವೇ ಇಲ್ಲ ಮಕ್ಕಳೇ. ಏಲಕ್ಕಿ, ಕಾಳುಮೆಣಸು ಬೆಳೆಯುವ ಊರಿನವರು ನಾವು.

ಎಣ್ಣೆಯನ್ನು ಕ್ಯಾನಿನಿಂದ ನೇರ ಸುರಿಯಬೇಡಿ, ಕೈಯಳತೆ ಯಾವತ್ತೂ ಹೆಚ್ಚೇ ಆಗುತ್ತದೆ. ನಾಲ್ಕು ಜನರ ಅನ್ನಕ್ಕೆ ಎರಡು ಟೀ ಚಮಚ, ಅಂದರೆ 10 ಮಿ.ಲೀ. ಅದರಲ್ಲಿ ಸುಮಾರು 9 ಗ್ರಾಂ ಕೊಬ್ಬು, ತಲೆಗೆ ಎರಡು ಗ್ರಾಂ ಚಿಲ್ಲರೆ. ಪೂರ್ತಿ ಬಿಡುವುದೂ ಸರಿಯಲ್ಲ. ಮಸಾಲೆಯ ಘಮ ಎಣ್ಣೆಯಲ್ಲಿ ಬಿಡುವಷ್ಟು ನೀರಿನಲ್ಲಿ ಬಿಡದು, ಕ್ಯಾರೆಟ್ಟಿನ ಸತ್ವ ಮೈಗೆ ಹತ್ತಲೂ ಚೂರು ಜಿಡ್ಡು ಬೇಕು. ಎಲ್ಲರೂ ಎಡವುವುದು ಗೋಡಂಬಿಯಲ್ಲಿ. ಎಣ್ಣೆ ಉಳಿಸಿ, ಕೊನೆಗೆ ಒಂದು ಹಿಡಿ ಗೋಡಂಬಿ ಉದುರಿಸುತ್ತಾರೆ. 30 ಗ್ರಾಂ ಗೋಡಂಬಿಯಲ್ಲಿ 13 ಗ್ರಾಂ ಕೊಬ್ಬಿದೆ, ಹಾಕಿದ ಎಣ್ಣೆಗಿಂತ ಜಾಸ್ತಿ! ಹಸಿ ತೆಂಗಿನತುರಿಯಲ್ಲೂ ಮೂರರಲ್ಲೊಂದು ಪಾಲು ಕೊಬ್ಬೇ.

ಸಣ್ಣಕ್ಕಿ ಒಳ್ಳೆಯದು, ಆದರೆ ಎಣ್ಣೆ ಕಡಿಮೆಯಾದರೆ ಬೇಗ ಮುದ್ದೆಯಾಗುತ್ತದೆ. ಎರಡು ಲೋಟ ಅಕ್ಕಿಯನ್ನು ನೀರು ತಿಳಿಯಾಗುವ ತನಕ ತೊಳೆದು, ಇಪ್ಪತ್ತು ನಿಮಿಷ ನೆನೆಸಿ, ಜಾಲರಿಯಲ್ಲಿ ಬಸಿಯಲು ಬಿಡಿ. ನೀರು ಮೂರೂವರೆ ಲೋಟ ಮೀರಬಾರದು, ತರಕಾರಿಯೂ ನೀರು ಬಿಡುತ್ತದಲ್ಲ.

ರುಚಿಯೆಲ್ಲ ಇರುವುದು ಹುರಿಯುವುದರಲ್ಲಿ. ಅಣಬೆ ಹಾಕುವುದಾದರೆ ಎಣ್ಣೆಗೆ ಹಾಕಬೇಡಿ, ಇದ್ದ ಎಣ್ಣೆಯನ್ನೆಲ್ಲ ಕುಡಿದುಬಿಡುತ್ತದೆ. ಬರಿ ಬಾಣಲೆ ಚೆನ್ನಾಗಿ ಕಾಯಿಸಿ ಹೋಳು ಹರಡಿ. ಮೊದಲು ಚುಂಯ್ ಎನ್ನುತ್ತದೆ, ಆಮೇಲೆ ನೀರು ಬಿಡುತ್ತದೆ. ಆ ನೀರು ಇಂಗಿ ಅಂಚು ಕಂದು ಬಣ್ಣಕ್ಕೆ ತಿರುಗುವ ತನಕ ಕೈಯಾಡಿಸದೆ ಕಾಯಿರಿ. ಕಾಡಿನ ಅಣಬೆ ಗುರುತು ಬಲ್ಲವರು ತಂದದ್ದಾದರೆ ಮಾತ್ರ. ಮಳೆಗಾಲದಲ್ಲಿ ಕಣಿಲೆ, ಅಂದರೆ ಎಳೆ ಬಿದಿರು ಸಿಕ್ಕರೆ ಹೆಚ್ಚಿ, ನೀರು ಬದಲಿಸುತ್ತ ನೆನೆಸಿ, ಕುದಿಸಿ, ಆ ನೀರನ್ನೂ ಚೆಲ್ಲಿಯೇ ಬಳಸಿ. ಹಸಿಯದರಲ್ಲಿ ವಿಷದ ಅಂಶವಿದೆ.

ಕುಕ್ಕರಿನಲ್ಲಿ ಎಣ್ಣೆ ಕಾಯಿಸಿ ಜೀರಿಗೆ, ಚಕ್ಕೆ, ಲವಂಗ, ಎರಡು ಏಲಕ್ಕಿ ಹಾಕಿ. ಅವು ಘಮ್ಮೆಂದ ಮೇಲೆ ಈರುಳ್ಳಿ. ತಳ ಹಿಡಿಯುತ್ತದೆ ಅನ್ನಿಸಿದಾಗ ಕೈ ಎಣ್ಣೆಯತ್ತ ಹೋಗುತ್ತದೆ, ತಡೆಯಿರಿ. ಬೊಗಸೆಯಿಂದ ನಾಲ್ಕು ಹನಿ ನೀರು ಚಿಮುಕಿಸಿ ಸೌಟಿನಿಂದ ತಳ ಕೆರೆಯಿರಿ. ಹೀಗೆ ಮೂರು ನಾಲ್ಕು ಸಲ ಮಾಡಿದರೆ ಈರುಳ್ಳಿ ಹೊಂಬಣ್ಣಕ್ಕೆ ಬರುತ್ತದೆ. ಶುಂಠಿ, ಬೆಳ್ಳುಳ್ಳಿ ಜಜ್ಜಿ, ಸೀಳಿದ ಹಸಿಮೆಣಸಿನ ಜೊತೆ ಹಾಕಿ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಸಿಕ್ಕಿದ ಬೀನ್ಸ್, ಕ್ಯಾರೆಟ್, ನವಿಲುಕೋಸು, ಬಟಾಣಿ ಯಾವುದಾದರೂ ಆದೀತು. ಹೆಚ್ಚಿದ ತರಕಾರಿ ಅಕ್ಕಿಗಿಂತ ಹೆಚ್ಚೇ ಇರಲಿ, ಮೂರು ಲೋಟ.

ಇನ್ನು ಹುಳಿ. ಜಿಡ್ಡು ಕಡಿಮೆಯಾದ ಅಡುಗೆಯನ್ನು ಎತ್ತಿ ಹಿಡಿಯುವುದು ಹುಳಿಯೇ. ಹಂದಿ ಸಾರಿಗೆ ಮೀಸಲು ಎಂದು ಎತ್ತಿಟ್ಟ ಕಾಚಂಪುಳಿ ಸೀಸೆಯನ್ನು ಇಲ್ಲಿಗೂ ಇಳಿಸಿ. ಹಣ್ಣಿನ ರಸ ಕಾಯಿಸಿ ಕಾಯಿಸಿ ಕಪ್ಪಗೆ ಗಟ್ಟಿ ಮಾಡಿದ್ದದು, ಅರ್ಧ ಟೀ ಚಮಚಕ್ಕಿಂತ ಹೆಚ್ಚು ಬೇಡ. ಅಳೆದಿಟ್ಟ ನೀರಿಗೇ ಕಲಸಿ ಉಪ್ಪು ಹಾಕಿ. ಅದಿಲ್ಲದಿದ್ದರೆ ಮುಚ್ಚಳ ತೆಗೆದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿ.

ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅಕ್ಕಿ ನಿಧಾನವಾಗಿ ಬೇಯುತ್ತದೆ, ಹಾಗಾಗಿ ಕುಕ್ಕರೇ ಲೇಸು. ಬಸಿದ ಅಕ್ಕಿ, ಅಳೆದಿಟ್ಟ ನೀರು ಸೇರಿಸಿ ಮುಚ್ಚಿ. ಒಂದು ಸೀಟಿ, ಮತ್ತೆ ಐದು ನಿಮಿಷ ಸಣ್ಣ ಉರಿ. ಒತ್ತಡ ತಾನಾಗಿ ಇಳಿಯಲಿ. ಮುಚ್ಚಳ ತೆಗೆದು ಹುರಿದ ಅಣಬೆ, ಕುಟ್ಟಿದ ಕಾಳುಮೆಣಸು ಸೇರಿಸಿ ಅಂಚಿನಿಂದ ಮೆಲ್ಲಗೆ ಮೇಲೆತ್ತಿ ಉದುರಿಸಿ.

ಪಕ್ಕಕ್ಕೆ ಕೆನೆ ತೆಗೆದ ಹಾಲಿನ ಮೊಸರಿನಲ್ಲಿ ಸೌತೆಕಾಯಿ ಪಚಡಿ ಮಾಡಿ. ಮಿಕ್ಕಿದ ಅನ್ನವನ್ನು ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ. ಮಾರನೆಯ ದಿನ ನೀರು ಚಿಮುಕಿಸಿ ಹಬೆಯಾಡುವಷ್ಟು ಬಿಸಿ ಮಾಡಿ, ಇನ್ನೊಂದು ಒಗ್ಗರಣೆ ಮಾತ್ರ ಹಾಕಬೇಡಿ.