ಆಷಾಢದಲ್ಲಿ ಹೊಳೆ ದಾಟಿದ್ದು

2019ರ ಜುಲೈ 18, ಗುರುವಾರ. ಕಳಸವಳ್ಳಿ ದಡದಲ್ಲಿ ಲಾಂಚ್ ಹತ್ತುವಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ಹೊಟ್ಟೆ ನೋಡಿ, "ನೋವು ಬಂತನಾ ಮಗಾ?" ಅಂದರು. ಇಲ್ಲ, ಡೇಟಿಗೆ ಇನ್ನೂ ಮೂರು ವಾರ ಇದೆ ಅಂದೆ. "ಮತ್ತೆ ಆಷಾಢದಲ್ಲಿ ಈಗಲೇ ಯಾಕೆ ಹೊರಟೆ?" ಎಂದು ಅವರು ಕೇಳಿದ್ದಕ್ಕೆ ಅಮ್ಮ ಮುಖ ಆ ಕಡೆ ತಿರುಗಿಸಿದಳು. ಮನೆಯಲ್ಲಿ ಎರಡು ತಿಂಗಳಿಂದ ನಡೆದಿದ್ದ ಜಗಳವೇ ಅದು.

ನಮ್ಮದು ತುಮರಿಯಿಂದ ಇನ್ನೂ ಒಳಗೆ, ಮೂರೇ ಮನೆಯ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ನಿಂತ ಮೇಲೆ ಸಾಗರಕ್ಕೆ ಹೋಗಬೇಕೆಂದರೆ ಲಾಂಚೇ ಗತಿಯಾಗಿತ್ತು. ಕೊನೆಯ ಲಾಂಚ್ ಸಂಜೆ ಆರರ ಸುಮಾರಿಗೆ ಇತ್ತು. ಆಮೇಲೆ ಕೋಗಾರು, ಕಾರ್ಗಲ್ ಮೇಲೆ ಕಾಡಿನಲ್ಲಿ ಸುತ್ತಬೇಕಿತ್ತು, ನಮ್ಮ ಮನೆಯಿಂದ ಹತ್ತಿರ ಹತ್ತಿರ ತೊಂಬತ್ತು ಕಿಲೋಮೀಟರು. ತುರ್ತಿದ್ದರೆ ರಾತ್ರಿಯೂ ಲಾಂಚ್ ಬಿಡುತ್ತಿದ್ದರು, ಒಂದು ಫೋನ್ ಮಾಡಿದರೆ ಸಾಕು ಎಂದು ಎಲ್ಲರೂ ಧೈರ್ಯ ಹೇಳಿದರು. ಫೋನ್ ಮಾಡಲು ನಮ್ಮಲ್ಲಿ ಗುಡ್ಡದ ನೆತ್ತಿಯ ಬಂಡೆ ಹತ್ತಬೇಕು. ಲಾಂಚಿಗಾದರೂ ಅಷ್ಟೆ, 108ಕ್ಕಾದರೂ ಅಷ್ಟೆ. ಜುಲೈ ತಿಂಗಳಲ್ಲಿ, ಉಂಬಳ (ಜಿಗಣೆ) ತುಂಬಿದ ಹಾದಿಯಲ್ಲಿ, ಮಧ್ಯರಾತ್ರಿ ಆ ಬಂಡೆ ಹತ್ತುವವರು ಯಾರು ಎಂದು ಯಾರೂ ಹೇಳಲಿಲ್ಲ.

ಕೊನೆಯ ಮುಟ್ಟು ನವೆಂಬರ್ 3. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿ ಸಿಸ್ಟರ್ ತಾಯಿ ಕಾರ್ಡಿನಲ್ಲಿ ಆಗಸ್ಟ್ 10 ಎಂದು ಬರೆದರು. ಆ ಅಂಕಿಯನ್ನು ಮನೆಯವರೆಲ್ಲ ಮದುವೆ ಮುಹೂರ್ತದ ಹಾಗೆ ಹಿಡಿದುಕೊಂಡರು. ಡೇಟ್ ಕೊಟ್ಟ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು, ಮೂವತ್ತೇಳು ವಾರ ತುಂಬಿದ ಮೇಲೆ ಯಾವ ದಿನವಾದರೂ ಆಗಬಹುದು ಎಂದು ನನಗೆ ಬಿಡಿಸಿ ಹೇಳಿದ್ದು ಆಶಾ ಕಾರ್ಯಕರ್ತೆ ಅಕ್ಕ. ಮೂವತ್ತೇಳು ತುಂಬುವುದು ಜುಲೈ 20ಕ್ಕೆ. ಅಲ್ಲಿಗೆ ನನ್ನ ಮಟ್ಟಿಗೆ ಯಾವ ಆಸ್ಪತ್ರೆ ಎಂಬ ಪ್ರಶ್ನೆ ಹಿಂದೆ ಸರಿಯಿತು. ಯಾವ ದಿನ ಹೊಳೆ ದಾಟಬೇಕು ಎಂಬುದು ಮುಂದೆ ಬಂತು.

ಮೇ ತಿಂಗಳ ಒಂದು ಭಾನುವಾರ ನಾನೂ ನನ್ನ ಗಂಡನೂ ಸುಮ್ಮನೆ ಒಂದು ಸಲ ಹೋಗಿ ಬಂದೆವು, ಗಡಿಯಾರ ನೋಡಿಕೊಂಡು. ಮನೆಯಿಂದ ಕಾಲುಸಂಕ ದಾಟಿ ಜೀಪ್ ಹತ್ತಿ ಟಾರು ರಸ್ತೆ ಮುಟ್ಟಲು 25 ನಿಮಿಷ, ಮಳೆಗಾಲಕ್ಕೆ 40 ಎಂದು ಬರೆದುಕೊಂಡೆವು. ದಡಕ್ಕೆ 20, ಲಾಂಚಿಗೆ ಕಾಯುವುದು 50, ದಾಟುವುದು 20, ಅಂಬಾರಗೋಡ್ಲಿನಿಂದ ಸಾಗರಕ್ಕೆ 50. ಬೇಸಿಗೆಯ ಹಗಲಲ್ಲೇ ಎರಡೂ ಮುಕ್ಕಾಲು ಗಂಟೆ! ವಾಪಸು ಬೇಕೆಂದೇ ಕತ್ತಲಾದ ಮೇಲೆ ಕಾರ್ಗಲ್ ಮೇಲೆ ಬಂದೆವು. ಮೂರೂವರೆ ಗಂಟೆ ಹಿಡಿಯಿತು, ನಡುವೆ ಎರಡು ಸಲ ನಾನು ವಾಂತಿ ಮಾಡಿಕೊಂಡೆ. ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿದ್ದ ಈ ಲೆಕ್ಕ ನೋಡಿದ ಮೇಲೆ ಇವರು ನನ್ನ ಪರ ಆದರು.

ನನಗೆ ಇನ್ನೊಂದು ತೊಡಕಿತ್ತು. ರಕ್ತದ ಗುಂಪು ಬಿ ನೆಗೆಟಿವ್, ಅದರ ಮೇಲೆ ಹೀಮೋಗ್ಲೋಬಿನ್ ಕಡಿಮೆ, 9.1. ನೆಗೆಟಿವ್ ಗುಂಪಿನವರು ನಮ್ಮಲ್ಲಿ ನೂರಕ್ಕೆ ಐದಾರು ಮಂದಿ ಅಷ್ಟೆ. ಇವರದು ಪಾಸಿಟಿವ್ ಆದ್ದರಿಂದ ಮಗುವಿನ ರಕ್ತದ ವಿರುದ್ಧ ನನ್ನ ಮೈ ತಿರುಗಿಬೀಳದಂತೆ ಇಪ್ಪತ್ತೆಂಟನೇ ವಾರಕ್ಕೆ ಆಂಟಿ-ಡಿ ಇಂಜೆಕ್ಷನ್, ಮಗುವೂ ಪಾಸಿಟಿವ್ ಆದರೆ ಹೆರಿಗೆಯಾಗಿ 72 ಗಂಟೆಯೊಳಗೆ ಮತ್ತೊಂದು. ಸಾಗರದಲ್ಲಿ ಮೊದಲು ಹೋದ ಆಸ್ಪತ್ರೆಯಲ್ಲಿ ಇದನ್ನೆಲ್ಲ ಹೇಳಿ, ರಾತ್ರಿ ಸಿಸೇರಿಯನ್ ಮಾಡಬೇಕಾಗಿ ಬಂದರೆ ಅರಿವಳಿಕೆ ಡಾಕ್ಟರ್ ಇರುತ್ತಾರಾ ಎಂದು ಕೇಳಿದೆ. ಕೌಂಟರಿನಲ್ಲಿದ್ದವರು ನಕ್ಕರು. "ಮೊದಲ ಹೆರಿಗೆ, ಆಗಲೇ ಸಿಸೇರಿಯನ್ ಆಸೆಯಾ?" ಅಲ್ಲಿಂದ ಎದ್ದು ಬಂದೆ. ಎರಡನೇ ಕಡೆ ನರ್ಸ್ ಒಬ್ಬರು ಉತ್ತರವನ್ನು ನೇರ ಹೇಳಿದರು: ಡಾಕ್ಟರ್ ಊರಲ್ಲೇ ಇದ್ದಾರೆ, ಕರೆದರೆ ಅರ್ಧ ಗಂಟೆ. ರಕ್ತಕ್ಕೆ ಮಾತ್ರ ನೀವೇ ಇಬ್ಬರನ್ನು ಮೊದಲೇ ಹೇಳಿಟ್ಟುಕೊಳ್ಳಿ, ಕೈ ಮೀರಿದರೆ ಶಿವಮೊಗ್ಗಕ್ಕೆ ಕಳಿಸುತ್ತೇವೆ. ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರು, ಆದರೆ ಹೆದ್ದಾರಿ. ಅಷ್ಟು ಸಾಕೆನಿಸಿತು. ನನ್ನ ಅಣ್ಣನದು ಅದೇ ಗುಂಪು. ಇನ್ನೊಬ್ಬರನ್ನು ಹುಡುಕಲು ಮೂರು ವಾರ ಬೇಕಾಯಿತು, ಕೊನೆಗೆ ಅಣ್ಣನ ಗೆಳೆಯನ ಭಾವ ಒಪ್ಪಿದರು.

ಈಗ ಮನೆಯ ಜಗಳ. ಚೊಚ್ಚಿಲ ಹೆರಿಗೆ ತವರಲ್ಲೇ ಆಗಬೇಕು ಎಂದು ಅಮ್ಮ. ತವರೋ, ಹೊಸನಗರ ತಾಲ್ಲೂಕಿನ ಕಾಡಿನೊಳಗೆ, ನಮ್ಮೂರಿಗೆ ಅಣ್ಣನಂಥ ಊರು. ಹೆರಿಗೆ ಸಾಗರದಲ್ಲಿ, ಬಾಣಂತನ ತವರಲ್ಲಿ ಎಂದು ಎರಡನ್ನೂ ಬೇರೆ ಮಾಡಿದ ಮೇಲೆ ಆಕೆ ಮೆತ್ತಗಾದಳು. ಅತ್ತೆಯ ತಕರಾರು ಆಷಾಢದ್ದು, ದುಡ್ಡಿನದ್ದು. ನಾನು ಐದು ಹೆತ್ತೆ, ಒಂದಕ್ಕೂ ಹೊಳೆ ದಾಟಲಿಲ್ಲ ಎಂದು ಬಚ್ಚಲಲ್ಲಿ ಹಂಡೆಗೆ ಉರಿ ಹಾಕುತ್ತಾ ಹೇಳುತ್ತಿದ್ದರು. ಒಂದು ಸಂಜೆ ನಾನು, ಐದರಲ್ಲಿ ಉಳಿದದ್ದು ಮೂರಲ್ಲವಾ ಅತ್ತೆ, ಅಂದುಬಿಟ್ಟೆ. ಅನ್ನಬಾರದಿತ್ತು. ಅವರು ಏನೂ ಹೇಳದೆ ಕೊಳವೆಯಲ್ಲಿ ಊದುತ್ತಲೇ ಇದ್ದರು. ಮರುದಿನ ಬೆಳಿಗ್ಗೆ ಅಕ್ಕಿ ಡಬ್ಬಿಯ ಕೆಳಗಿಂದ ನಾಲ್ಕು ಸಾವಿರ ರೂಪಾಯಿ ತೆಗೆದು, ರೂಮಿನ ಬಾಡಿಗೆಗೆ ಆಗುತ್ತದೆ ಎಂದು ನನ್ನ ಕೈಗಿಟ್ಟರು.

ರೂಮು ಆಸ್ಪತ್ರೆಯಿಂದ ಐದಾರು ನೂರು ಮೀಟರು. ಇವರು ಜೊತೆಗೆ ಬರುವ ಹಾಗಿರಲಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯಲು ಮಳೆ ಹೊಳವಾಗುವುದನ್ನೇ ಕಾಯಬೇಕು, ಮರ ಹತ್ತಿ ಅದನ್ನು ಹೊಡೆಯುವ ಕೊನೆಗಾರ ಸಿಕ್ಕ ದಿನ ತೋಟ ಬಿಡುವಂತಿಲ್ಲ. ಆದ್ದರಿಂದ ನಾನೂ ಅಮ್ಮನೂ. ತಾಯಿ ಕಾರ್ಡು, ಆಧಾರ್, ಪಾಸ್‌ಬುಕ್, ರಕ್ತ ಕೊಡುವ ಇಬ್ಬರ ನಂಬರು ಬರೆದ ಚೀಟಿ, ಹಳೇ ಹತ್ತಿ ಸೀರೆಗಳು, ಟಾರ್ಚು, ಇಷ್ಟು ಒಂದು ಚೀಲದಲ್ಲಿ ಬಾಗಿಲ ಹಿಂದೆ. ನಿಜ ಹೇಳಬೇಕೆಂದರೆ ಆ ಹದಿನೆಂಟು ದಿನ ಭಾರೀ ಬೇಜಾರಿನವು. ಬಟ್ಟೆ ಒಣಗುತ್ತಿರಲಿಲ್ಲ, ಮಾಡಲು ಕೆಲಸವಿರಲಿಲ್ಲ, ಅಮ್ಮ ದಿನಕ್ಕೆ ಹತ್ತು ಸಲ "ಇನ್ನೂ ಏನೂ ಇಲ್ವಾ?" ಎನ್ನುವಳು. ಎರಡನೇ ವಾರ ನನಗೇ ಅನುಮಾನ ಬಂತು, ಸುಮ್ಮನೆ ದುಡ್ಡು ಹಾಳು ಮಾಡಿದೆನಾ ಎಂದು.

ನಾಗರ ಪಂಚಮಿ ಆಗಸ್ಟ್ 5ಕ್ಕೆ. ಆ ರಾತ್ರಿ ಒಂದೂವರೆಗೆ ಎದ್ದು ಕೂತರೆ ಹಾಸಿಗೆ ಒದ್ದೆ. ಸೂರು ಸೋರುತ್ತಿದೆ ಎಂದುಕೊಂಡು ಮೊದಲು ಮೇಲೆ ನೋಡಿದೆ. ನೀರು ಒಡೆದಿತ್ತು. ಆ ವಾರವೇ ಮಲೆನಾಡಿನಲ್ಲೆಲ್ಲ ನೆರೆ ಬಂದದ್ದು. ರೂಮಿನ ಯಜಮಾನರು ಆಟೋದವನನ್ನು ಎಬ್ಬಿಸಿದರು, ಹತ್ತು ನಿಮಿಷದಲ್ಲಿ ಆಸ್ಪತ್ರೆಯ ಮಂಚದ ಮೇಲಿದ್ದೆ. ಮಗು ಹುಟ್ಟಿದ್ದು ಮಾರನೇ ಮಧ್ಯಾಹ್ನ 3.40ಕ್ಕೆ, ಸಹಜವಾಗಿಯೇ. ಕಸ (ಮಾಸು) ಬಿದ್ದ ಮೇಲೆ ರಕ್ತ ನಿಲ್ಲಲಿಲ್ಲ. ಇಂಜೆಕ್ಷನ್ ಕೊಟ್ಟರು, ಅದೇ ನರ್ಸ್ ಎರಡೂ ಕೈಯಲ್ಲಿ ನನ್ನ ಕಿಬ್ಬೊಟ್ಟೆಯನ್ನು ರೊಟ್ಟಿ ಹಿಟ್ಟು ನಾದಿದ ಹಾಗೆ ನಾದಿದರು. ಹೆರುವ ನೋವಿಗಿಂತ ಅದೇ ಹೆಚ್ಚು ಎನಿಸಿತು. ಅಣ್ಣನಿಗೆ ಹೊಸನಗರದ ರಸ್ತೆ ಸಿಗಲಿಲ್ಲ. ಚೀಟಿಯಲ್ಲಿದ್ದ ಎರಡನೆಯವರು, ಅಣ್ಣನ ಗೆಳೆಯನ ಭಾವ, ಸಾಗರದಲ್ಲೇ ಇದ್ದರು, ಒಂದು ಬಾಟಲಿ ರಕ್ತ ಕೊಟ್ಟು ಹೋದರು. ಮಗಳು ಪಾಸಿಟಿವ್, ಆಂಟಿ-ಡಿ ಮರುದಿನ ಹಾಕಿದರು.

ನಮ್ಮೂರ ದಾರಿಗೆ ಅದೇ ರಾತ್ರಿ ಮರ ಬಿದ್ದಿತ್ತು. ಸುದ್ದಿ ಮುಟ್ಟಿ, ಮರ ಕಡಿದು, ಇವರು ಮಗಳ ಮುಖ ನೋಡಿದ್ದು ಮೂರನೇ ದಿನ, ಅಂಗಿಯ ಮೇಲೆ ಇನ್ನೂ ಮೈಲುತುತ್ತದ ನೀಲಿ ಕಲೆ.

2025ರ ಜುಲೈಯಲ್ಲಿ ಹಿನ್ನೀರಿಗೆ ಸೇತುವೆ ಆಯಿತು. ವಾರಗಿತ್ತಿಗೆ ಈಗ ಏಳು ತಿಂಗಳು. ಇನ್ನೇನು, ನೋವು ಬಂದ ಮೇಲೆ ಹೊರಟರೂ ಆಯಿತು ಎನ್ನುತ್ತಾನೆ ಮೈದುನ. ಮೊನ್ನೆ ಭಾನುವಾರ ಮಳೆಯಲ್ಲೇ ರಾತ್ರಿ ಹತ್ತಕ್ಕೆ ಅವನನ್ನೂ ಇವರನ್ನೂ ಜೀಪಿನಲ್ಲಿ ಸಾಗರಕ್ಕೆ ಅಟ್ಟಿದೆ. ಒಂದು ಗಂಟೆ ಐವತ್ತು ನಿಮಿಷ. ಸೇತುವೆಗೆ ನಾಲ್ಕು. ಮನೆಯಿಂದ ಟಾರು ರಸ್ತೆಗೆ, ಈಗಲೂ, ನಲವತ್ತು.